ಏಳು ದಿನ ಇಡುತ್ತಾರೆ

ಕಟಪಾಡಿ
9 ಜನವರಿ 2011

ಚಿ.ಸೌ. ಮೋಹಿನಿಗೆ ನಿನ್ನ ಗಂಡನ ಅಕ್ಕನ ಆಶೀರ್ವಾದ.

ನಿನ್ನೆ ಫೋನಿನಲ್ಲಿ ಹೇಳಬೇಕಾದದ್ದನ್ನು ಹೇಳಿದೆ. ನೀನು ಏನು ಹೇಳಿದೆಯೋ ನನ್ನ ಕಿವಿಗೆ ಬೀಳಲಿಲ್ಲ, ಬರೀ ಗೊರ್ ಎಂಬ ಸದ್ದು. ಶಾಲೆಯ ಮಕ್ಕಳ ಗಲಾಟೆ ಕೇಳಿ ಕೇಳಿ ಈ ಕಿವಿಗಳಿಗೆ ನಿವೃತ್ತಿ ಬೇಗ ಬಂತು. ಆದ್ದರಿಂದ ಹೇಳಿದ್ದನ್ನೇ ಬರೆದು ಕಳಿಸುತ್ತಿದ್ದೇನೆ. ಟೀಚರ್ ಬುದ್ಧಿ, ಬೋರ್ಡಿನ ಮೇಲೆ ಬರೆದರೆ ಮಾತ್ರ ಪಾಠವಾಯಿತೆಂದು ಸಮಾಧಾನ.

ಶೇಖರ ಬುಧವಾರ ರಜೆಯ ದಿನ ಟಿಟ್ವಾಳಾದಲ್ಲಿ ಫ್ಲ್ಯಾಟು ನೋಡಿ ಬರುತ್ತೇನೆಂದು ಹೋದವನು ಮನೆಗೆ ಬರಲಿಲ್ಲ ಎಂದು ಅವನ ಹೋಟೆಲಿನ ಮುಂಡಪ್ಪ ಫೋನು ಮಾಡಿದನಲ್ಲ, ಅದನ್ನು ಜಯೇಶ್ ನನ್ನ ಕಿವಿಗೆ ಬಾಯಿಟ್ಟು ಹೇಳಿದ. ಮಗ ಧೈರ್ಯವನ್ನೂ ತುಂಬಿದ. ನಾನು ಧೈರ್ಯ ನಂಬಿ ಕೂರುವವಳಲ್ಲ. ಕೂಡಲೇ ವಿಷ್ಣುಮೂರ್ತಿ ಜೋಯಿಸರಲ್ಲಿಗೆ ಹೋಗಿ ಪ್ರಶ್ನೆ ಇಡಿಸಿದೆ. ಅವರು ಕವಡೆ ಹಾಕಿ ನೋಡಿದರು. ಆಯುಷ್ಯಕ್ಕೆ ತೊಂದರೆ ಇಲ್ಲ, ಉತ್ತರ ದಿಕ್ಕಿನಲ್ಲಿ ಇದ್ದಾನೆ, ಏನೋ ಮನಸ್ಸು ಕೆಟ್ಟು ಹೋಗಿದ್ದಾನೆ, ತಾನಾಗಿಯೇ ಬರುತ್ತಾನೆ ಎಂದರು. ಒಂದೇ ಒಂದು ಎಚ್ಚರಿಕೆ ಕೊಟ್ಟರು. ಬದುಕಿರುವವನನ್ನು ಹೆಣಗಳ ನಡುವೆ ಹುಡುಕಬಾರದು. ಹಾಗೆ ಹುಡುಕಿದರೆ ಹುಡುಕಿದವರ ಕಣ್ಣೇ ಅವನ ಆಯುಷ್ಯಕ್ಕೆ ಮುಳ್ಳಾಗುತ್ತದೆ.

ಆದ್ದರಿಂದ ನೀನು ಶವಾಗಾರದ ಕಡೆ ತಲೆ ಹಾಕಬೇಡ. ಮುಂಡಪ್ಪನನ್ನೂ ಹೋಗಲು ಬಿಡಬೇಡ. ಸಂಜೆ ದೀಪ ಇಟ್ಟು ದೈವಗಳನ್ನು ನೆನೆದುಕೋ. ಅವನ ಪಾಲಿನ ಅನ್ನ ತೆಗೆದಿಡು. ನೀನೂ ಊಟ ಮಾಡು, ನಿನ್ನ ಹಟ ನನಗೆ ಗೊತ್ತಿಲ್ಲದ್ದಲ್ಲ. ಅವನು ಬಂದ ಮೇಲೆ ಕಿವಿ ಹಿಂಡುವ ಕೆಲಸ ನನಗೆ ಬಿಡು.

ನಿನ್ನ
ದಮಯಂತಿ ಅಕ್ಕ

*

ಡೊಂಬಿವ್ಲಿ ಪೂರ್ವ
20 ಜನವರಿ 2011

ಪೂಜ್ಯ ಅಕ್ಕನಿಗೆ ಮೋಹಿನಿಯ ನಮಸ್ಕಾರಗಳು.

ನಿಮ್ಮ ಕಾಗದ ಸಂಕ್ರಾಂತಿಯ ಮರುದಿನ ಕೈಸೇರಿತು. ನೀವು ಫೋನಿನಲ್ಲಿ ಹೇಳಿದ್ದೆಲ್ಲ ನನಗೆ ಕೇಳಿಸಿತ್ತು. ನಾನು ಹೇಳಿದ್ದು ನಿಮಗೆ ಮುಟ್ಟಲಿಲ್ಲ, ಅದನ್ನು ಈಗ ಬರೆಯುತ್ತೇನೆ.

ಅಂದು ಬೆಳಿಗ್ಗೆ ನಾವು ಇಲ್ಲಿಯ ಪೊಲೀಸ್ ಸ್ಟೇಷನಿನಲ್ಲಿ ದೂರು ಕೊಟ್ಟು ಬಂದಿದ್ದೆವು. ಬರೆದುಕೊಂಡ ಮೇಡಂ, "ಆಸ್ಪತ್ರೆಗಳಲ್ಲಿ ವಿಚಾರಿಸಿ, ರೈಲ್ವೆ ಪೊಲೀಸರ ಹತ್ತಿರ ಹೋಗಿ, ಶವಾಗಾರದಲ್ಲೂ ಒಮ್ಮೆ ನೋಡಿಬಿಡಿ" ಎಂದು ಪೇಟೆಯಿಂದ ತರುವ ಸಾಮಾನು ಹೇಳಿದ ಹಾಗೆ ಹೇಳಿದರು. ಮುಂಡಪ್ಪಣ್ಣ ನೌಪಾಡಾದ ಹೋಟೆಲಿಗೆ ರಜೆ ಹಾಕಿ, ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು. ಅಷ್ಟರಲ್ಲಿ ನಿಮ್ಮ ಫೋನು. ನಾನು ಹೇಳಿದ್ದು ಇಷ್ಟೇ: "ಅಕ್ಕ, ನೋಡಿ ಅಲ್ಲಿ ಇಲ್ಲ ಅಂತ ಗೊತ್ತಾದರೆ ಒಳ್ಳೇದೇ ಅಲ್ವಾ?" ನೀವು ಆ ಕಡೆಯಿಂದ, "ಆಯ್ತಲ್ಲ? ಹೋಗುದಿಲ್ಲ ಅಲ್ವಾ?" ಎಂದು ಕೇಳಿ, ನಾನು ಒಪ್ಪಿದೆನೆಂದು ತಿಳಿದು ಫೋನು ಇಟ್ಟಿರಿ. ಮುಂಡಪ್ಪಣ್ಣ ಚಪ್ಪಲಿ ಬಿಚ್ಚಿ ಒಳಗೆ ಬಂದು ಕುಳಿತರು. ನಾನು ಚಾ ಮಾಡಿದೆ.

ನಿಮ್ಮ ಮಾತು ಮೀರಿಲ್ಲ. ಆಸ್ಪತ್ರೆಗಳಲ್ಲಿ ಜೀವಂತ ಇರುವವರ ವಾರ್ಡುಗಳನ್ನು ಮಾತ್ರ ನೋಡಿದೆವು. ರೈಲ್ವೆ ಪೊಲೀಸರು ಮೊದಲು ಸತ್ತವರ ಫೋಟೊ ತೋರಿಸುತ್ತಾರೆಂದು ಅಲ್ಲಿಗೂ ಹೋಗಲಿಲ್ಲ. ಠಾಣೆ, ಕಳವಾ, ಕಲ್ಯಾಣ ಎಲ್ಲ ಕಡೆ ತಿರುಗಿದೆವು. ಟಿಟ್ವಾಳಾದ ಗಣಪತಿ ದೇವಸ್ಥಾನದ ಹೊರಗೆ ಹೂ ಮಾರುವವರಿಗೆ ಇವರ ಫೋಟೊ ತೋರಿಸಿದೆವು. ಫ್ಲ್ಯಾಟು ತೋರಿಸಿದ ಏಜೆಂಟ್ ಸಿಕ್ಕಿದ. "ಮಧ್ಯಾಹ್ನವೇ ಸ್ಟೇಷನಿಗೆ ಬಿಟ್ಟು ಬಂದೆ, ಅಡಿಗೆಮನೆಗೆ ಗಾಳಿ ಚೆನ್ನಾಗಿದೆ ಅಂತ ಖುಷಿಯಲ್ಲಿ ಇದ್ದರು" ಎಂದ. ಮನಸ್ಸು ಕೆಟ್ಟವರು ಅಡಿಗೆಮನೆಯ ಗಾಳಿ ನೋಡುತ್ತಾರೆಯೇ ಅಕ್ಕ? ಆದರೂ ಜೋಯಿಸರು ಹೇಳಿದ್ದಾರೆ, ನಂಬಿದ್ದೇನೆ.

ಪಕ್ಕದ ಮನೆಯ ಸುಲಭಾತಾಯಿ ಸಂಕ್ರಾಂತಿಯ ಹಳದಿ-ಕುಂಕುಮಕ್ಕೆ ಕರೆಯಲು ಬಂದವರು ಬಾಗಿಲಲ್ಲಿ ಸ್ವಲ್ಪ ಅನುಮಾನಿಸಿದರು. "ಇವರು ಊರಿಗೆ ಹೋಗಿಲ್ಲ, ಉತ್ತರದ ಕಡೆ ಇದ್ದಾರಂತೆ, ಬರ್ತಾರೆ" ಎಂದು ನಾನೇ ಹೇಳಿದೆ. ಅವರ ಮುಖ ಅರಳಿತು. ಹೋಗಿ ಕುಂಕುಮ ಇಟ್ಟುಕೊಂಡು, ಎಳ್ಳುಂಡೆ ತಿಂದು ಬಂದೆ. ಇವರ ಪಾಲಿನ ಎರಡು ಉಂಡೆ ಡಬ್ಬಿಯಲ್ಲಿ ಇಟ್ಟಿದ್ದೇನೆ.

ಕಂಪೆನಿಗೆ ಸೋಮವಾರದಿಂದ ಹೋಗುತ್ತಿದ್ದೇನೆ. ಮಾತ್ರೆಯ ಸ್ಟ್ರಿಪ್ಪುಗಳನ್ನು ಡಬ್ಬಿಗೆ ತುಂಬುವ ಕೆಲಸ, ಕೈ ತಾನಾಗಿ ನಡೆಯುತ್ತದೆ. ಮನೆಯಲ್ಲಿ ಕುಳಿತರೆ ಮೆಟ್ಟಿಲ ಮೇಲೆ ಯಾರು ಹತ್ತಿದರೂ ಎದ್ದು ಬಾಗಿಲು ತೆಗೆಯುತ್ತೇನೆ.

ನಿಮ್ಮ
ಮೋಹಿನಿ

*

ಡೊಂಬಿವ್ಲಿ
6 ಮಾರ್ಚ್ 2011

ದಮಯಂತಿ ಅಕ್ಕನಿಗೆ,

ನಿಮ್ಮ ಮಾತು ಮೀರಿದೆ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ಬರೆಯಲು ಕೈ ಬರುವುದಿಲ್ಲ.

ಹೋದ ವಾರ ಮುಂಡಪ್ಪಣ್ಣ ಬಂದವರು ಹೊರಗೇ ನಿಂತರು. ಒಳಗೆ ಬನ್ನಿ ಎಂದರೂ ಬರಲಿಲ್ಲ. "ಸ್ಟೇಷನಲ್ಲಿ ಬೋರ್ಡ್ ಉಂಟಲ್ಲ ಮೋಹಿನಕ್ಕ, ಗುರುತು ಸಿಗದವರ ಫೋಟೊ ಹಾಕುದು. ಅದರಲ್ಲಿ ಒಂದು ಉಂಟು. ಮೋರೆ ಗೊತ್ತಾಗುದಿಲ್ಲ. ಎತ್ತರ, ಮೈಕಟ್ಟು ನಮ್ಮ ಶೇಖರಣ್ಣನ ಹಾಗೆ ಕಾಣ್ತದೆ. ಹೇಳುದಾ ಬೇಡವಾ ಅಂತ ನನಗೆ ಊಟ ಸೇರುದಿಲ್ಲ" ಎಂದರು. ಜೋಯಿಸರ ಮಾತು ಅವರಿಗೂ ನೆನಪಿತ್ತು. ಆದರೂ ನಾನು ಬೀಗ ಹಾಕಿ ಹೊರಟೆ.

ರೈಲ್ವೆ ಪೊಲೀಸರ ಆಫೀಸಿನಲ್ಲಿ ವಯಸ್ಸಾದ ಒಬ್ಬ ಹವಾಲ್ದಾರರು ಫೋಟೊಗಳನ್ನು ತೆಗೆದು ತೋರಿಸಿದರು. ಒಂದು ಮುಖದ್ದು. ಅದರ ಬಗ್ಗೆ ಬರೆಯುವುದಿಲ್ಲ. ಅದರಲ್ಲಿ ಬರೆಯುವಂಥದ್ದು ಏನೂ ಉಳಿದಿರಲಿಲ್ಲ. ಇನ್ನೊಂದರಲ್ಲಿ ಪಾದಗಳು ಇದ್ದವು. ಹದಿನೇಳನೆಯ ವಯಸ್ಸಿಗೆ ಸಪ್ಲಾಯರ್ ಆಗಿ ಸೇರಿ, ಮ್ಯಾನೇಜರ್ ಆದ ಮೇಲೂ ಕುರ್ಚಿಯಲ್ಲಿ ಕೂರದೆ ಟೇಬಲಿನಿಂದ ಟೇಬಲಿಗೆ ನಡೆದ ಪಾದ. ಹೆಬ್ಬೆರಳು ಹೊರಕ್ಕೆ ಬಾಗಿ, ಹಿಮ್ಮಡಿ ಒಡೆದದ್ದು. ಮನೆಗೆ ಬಂದ ಮೇಲೆ ಬಿಸಿನೀರಿಗೆ ಉಪ್ಪು ಹಾಕಿ ಆ ಕಾಲು ಇಳಿಸುವುದು, ನಾನು ತಿಕ್ಕುವುದು. ನಾನು ಕೂಡಲೇ "ಇವರೇ" ಎಂದೆ.

ಹವಾಲ್ದಾರರು ಕೆಟ್ಟವರಲ್ಲ. ಆದರೆ ಪಾದ ನೋಡಿ ಹೆಸರು ಬರೆಯಲಾಗುವುದಿಲ್ಲ ಎಂದರು. ಪಾಕೀಟು, ಫೋನು, ಪಾಸು ಯಾವುದೂ ಇರಲಿಲ್ಲವಂತೆ. ಟಿಟ್ವಾಳಾದ ಈಚೆ ಹಳಿಯ ಪಕ್ಕದಲ್ಲಿ ಸಿಕ್ಕಿದ್ದು. ಗಾಡಿಯಿಂದ ಬಿದ್ದದ್ದು ಎಂದು ಬರೆದಿದ್ದಾರೆ. ಜನವರಿ ಐದು, ಬುಧವಾರ.

"ಈಗ ಎಲ್ಲಿದ್ದಾರೆ?" ಎಂದು ಕೇಳಿದೆ. ಅವರು ಮುಂಡಪ್ಪಣ್ಣನ ಮುಖ ನೋಡಿದರು, ನನ್ನ ಮುಖ ನೋಡಲಿಲ್ಲ. ಗುರುತು ಸಿಗದವರನ್ನು ಏಳು ದಿನ ಇಡುತ್ತಾರೆ, ಅದು ನಿಯಮ. ಪೇಪರಿನಲ್ಲಿ ಹಾಕುತ್ತಾರೆ, ಬೋರ್ಡಿನಲ್ಲಿ ಅಂಟಿಸುತ್ತಾರೆ. ಯಾರೂ ಹುಡುಕಿಕೊಂಡು ಬಾರದಿದ್ದರೆ ಆಮೇಲೆ ಸುಡುತ್ತಾರೆ. ಸೊಂಟದಲ್ಲಿ ಉಡಿದಾರ ಇದ್ದುದರಿಂದ ಹಿಂದೂ ಎಂದು ತಿಳಿದು ಸುಟ್ಟರಂತೆ. "ಬೆಂಕಿ ಯಾರು ಕೊಟ್ಟರು?" ಎಂದೆ. "ಮೀಚ್ ದಿಲಾ, ತಾಈ" ಎಂದರು. ಅವರೇ ಕೊಟ್ಟದ್ದು. ಅವರಿಗೆ ಕೈ ಮುಗಿದೆ. ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಬೂದಿಯೂ ಉಳಿದಿಲ್ಲ.

ಅಂದರೆ ಆ ಏಳು ದಿನ ಇವರು ಕಲ್ಯಾಣದ ಶವಾಗಾರದಲ್ಲಿದ್ದರು ಅಕ್ಕ. ನಮ್ಮ ಮನೆಯಿಂದ ಲೋಕಲ್‌ನಲ್ಲಿ ಠಾಕುರ್ಲಿ ದಾಟಿದರೆ ಕಲ್ಯಾಣ. ಜೋಯಿಸರು ದಿಕ್ಕು ಸರಿಯಾಗಿಯೇ ಹೇಳಿದ್ದಾರೆ, ಕಲ್ಯಾಣ ನಮಗೆ ಉತ್ತರಕ್ಕೇ ಇದೆ.

ಈಗ ನಿಮ್ಮಿಂದ ಒಂದು ಆಗಬೇಕು. ಸುಡುವ ಮೊದಲು ಒಂದು ಹಲ್ಲು ತೆಗೆದಿಟ್ಟಿದ್ದಾರೆ. ರಕ್ತಸಂಬಂಧಿಯ ರಕ್ತದ ಜೊತೆ ಅದನ್ನು ಸರಕಾರದ ಪ್ರಯೋಗಶಾಲೆಯಲ್ಲಿ ಹೋಲಿಸಿ ನೋಡಿದರೆ ಹೆಸರು ಬರೆಯುತ್ತಾರೆ, ಮರಣದ ದಾಖಲೆ ಕೊಡುತ್ತಾರೆ. ಅಲ್ಲಿಯ ದೊಡ್ಡ ಸಾಹೇಬರು ಮಕ್ಕಳಿದ್ದಾರೆಯೇ ಎಂದು ಕೇಳಿದರು. ಇಲ್ಲ ಎಂದೆ. ತಂದೆತಾಯಿ ಇಲ್ಲ ಎಂದೆ. ನನ್ನದು ತೆಗೆದುಕೊಳ್ಳಿ ಎಂದು ಕೈ ಚಾಚಿದೆ, ಅವರು ನಗದೆ ತಲೆ ಅಲ್ಲಾಡಿಸಿದರು. ಇಷ್ಟು ವರ್ಷ ಒಂದೇ ಪಾತ್ರೆಯ ಅನ್ನ ಉಂಡ ನನ್ನ ರಕ್ತ ಇದಕ್ಕೆ ಬರುವುದಿಲ್ಲವಂತೆ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರದ್ದಾದರೆ ಆಗುತ್ತದಂತೆ. ಅದು ನೀವೊಬ್ಬರೇ.

ಬನ್ನಿ ಅಕ್ಕ. ಮುಂಡಪ್ಪಣ್ಣ ಠಾಣೆ ಸ್ಟೇಷನಿನಿಂದ ಕರೆದುಕೊಂಡು ಬರುತ್ತಾರೆ.

ಮೋಹಿನಿ

*

ಕಟಪಾಡಿ
15 ಮಾರ್ಚ್ 2011

ಚಿ.ಸೌ. ಮೋಹಿನಿಗೆ,

ನಿನ್ನ ಕಾಗದ ಓದಿದೆ. ಅದು ಶೇಖರ ಅಲ್ಲ.

ಒಡೆದ ಹಿಮ್ಮಡಿ ಇರುವ ಗಂಡಸರು ಮುಂಬಯಿಯಲ್ಲಿ ಎಷ್ಟು ಸಾವಿರ ಇದ್ದಾರೋ. ಹೋಟೆಲಿನಲ್ಲಿ ದುಡಿದವರ ಕಾಲೆಲ್ಲ ಹಾಗೆಯೇ. ಮುಖ ಇಲ್ಲ, ಪಾಸು ಇಲ್ಲ, ಬಟ್ಟೆಯ ಮಾತನ್ನು ನೀನು ಎತ್ತಲೇ ಇಲ್ಲ. ಪೊಲೀಸರೇ ಒಪ್ಪದ್ದನ್ನು ನೀನು ಒಪ್ಪಿಕೊಂಡು ಬಂದೆ. ಹೋಗಬೇಡ ಎಂದಲ್ಲಿಗೆ ಹೋದರೆ ಕಾಣಬಾರದ್ದೇ ಕಾಣುತ್ತದೆ.

ನಾನು ರಕ್ತ ಕೊಡುವುದೆಂದರೆ ನನ್ನ ತಮ್ಮ ಸತ್ತನೆಂದು ನಾನೇ ಒಪ್ಪಿದ ಹಾಗೆ. ಬದುಕಿರುವವನಿಗೆ ಉತ್ತರಕ್ರಿಯೆಯ ಬೊಜ್ಜ ಮಾಡಿ, ಮನೆಯ ತೀರಿಹೋದ ಹದಿನಾರು ಹಿರಿಯರ ಸಾಲಿನಲ್ಲಿ ಅವನನ್ನು ಸೇರಿಸಿದರೆ ಆ ದೋಷ ಯಾವ ಕಾಲಕ್ಕೂ ತೊಳೆದುಹೋಗುವುದಿಲ್ಲ. ನಾನು ಈ ಮನೆಯ ಹಿರಿಯವಳು. ಅದಕ್ಕೆ ನಾನು ಕೈ ಹಾಕುವುದಿಲ್ಲ.

ಕರಿಮಣಿ ತೆಗೆದಿದ್ದರೆ ಪುನಃ ಹಾಕಿಕೋ.

ದಮಯಂತಿ

*

ಡೊಂಬಿವ್ಲಿ
27 ಮಾರ್ಚ್ 2011

ಅಕ್ಕನಿಗೆ,

ಕರಿಮಣಿ ತೆಗೆದಿಲ್ಲ. ತೆಗೆಯಲು ಯಾರ ಒಪ್ಪಿಗೆ ಬೇಕೋ ಅವರು ಕಟಪಾಡಿಯಲ್ಲಿ ಕುಳಿತಿದ್ದಾರೆ.

ಬಟ್ಟೆಯ ಮಾತು ಎತ್ತಲಿಲ್ಲ ಎಂದಿರಿ. ಅಂಗಿಯಲ್ಲಿ ತೋರಿಸುವಷ್ಟು ಬಟ್ಟೆ ಉಳಿದಿರಲಿಲ್ಲ. ನಿಮಗೆ ಬರೆಯುವುದು ಬೇಡ ಎಂದು ಬಿಟ್ಟಿದ್ದೆ. ನೀವೇ ಬರೆಸಿದಿರಿ.

ಒಬ್ಬ ವಕೀಲರನ್ನು ಕೇಳಿದೆ, ಹೋಟೆಲಿಗೆ ಊಟಕ್ಕೆ ಬರುವವರು. ಹೆಸರು ಬರೆಯಿಸದಿದ್ದರೆ ಇವರು ಕಾಣೆಯಾದವರೇ. ಏಳು ವರ್ಷ ಯಾರೂ ಕಾಣದೆ, ಸುದ್ದಿ ಕೇಳದೆ ಹೋದರೆ ಆಗ ಕೋರ್ಟಿಗೆ ಹೋಗಿ ಸತ್ತವರೆಂದು ತೀರ್ಪು ಪಡೆಯಬಹುದು. ಕಾನೂನಿನ ಒಂದು ಏಳು ನನಗೆ ತಿಳಿಯುವ ಮೊದಲೇ ಮುಗಿದುಹೋಯಿತು. ಇನ್ನೊಂದು ಏಳು ಮುಗಿಯುವವರೆಗೆ ನಾನು ಏನು ಅಕ್ಕ? ಸುಲಭಾತಾಯಿಗೆ ಈಗ ವಿಷಯ ಗೊತ್ತು. ಚೈತ್ರದ ಹಳದಿ-ಕುಂಕುಮಕ್ಕೆ ನನ್ನನ್ನು ಕರೆಯುವುದೋ ಬಿಡುವುದೋ ಎಂದು ತಿಳಿಯದೆ ಪಾಪ, ಮೆಟ್ಟಿಲಲ್ಲಿ ನನ್ನನ್ನು ಕಂಡರೆ ಹಾಲಿನವನ ಜೊತೆ ಮಾತಾಡಲು ನಿಲ್ಲುತ್ತಾರೆ. ಅವರ ಮೇಲೆ ನನಗೆ ಕೋಪವಿಲ್ಲ. ನಾನೇ ನನ್ನನ್ನು ಎಲ್ಲಿಗೆ ಕರೆಯುವುದೆಂದು ತಿಳಿದಿಲ್ಲ.

ನನ್ನದು ಬಿಡಿ. ದೀಪಾವಳಿಗೆ ನೀವು ಹಿರಿಯರಿಗೆ ಎಲೆ ಹಾಕಿ ಬಡಿಸುತ್ತೀರಲ್ಲ, ಆಗ ಇವರು ಎಲ್ಲಿರುತ್ತಾರೆ? ಒಳಗಿನವರೂ ಅಲ್ಲ, ಹೊರಗಿನವರೂ ಅಲ್ಲ. ಊಟದ ಹೊತ್ತಿಗೆ ನೂರು ಜನರನ್ನು ಕೂರಿಸಿ ಬಡಿಸಿದವರು.

ನನಗೆ ಸಿಟ್ಟು ಇದೆ. ಅದನ್ನು ಮುಚ್ಚಿಟ್ಟು ನಮಸ್ಕಾರ ಬರೆಯಲು ಬರುವುದಿಲ್ಲ.

ಮೋಹಿನಿ

*

ಕಟಪಾಡಿ
18 ಜೂನ್ 2011

ಚಿ.ಸೌ. ಮೋಹಿನಿಗೆ ಆಶೀರ್ವಾದಗಳು.

ಬರೆಯಲು ತಡವಾಯಿತು. ಏಪ್ರಿಲಿನಲ್ಲಿ ಮಂಡಿ ನೋವು ಜೋರಾಗಿ, ಕಷಾಯ, ಎಣ್ಣೆ, ಪಟ್ಟಿ ಎಂದು ದಿನ ಹೋಯಿತು. ಮೇ ತಿಂಗಳಲ್ಲಿ ಜಯೇಶನ ಅಂಗಡಿಗೆ ಹೊಸ ಮಾಡು ಹಾಕಿಸಿದೆವು. ಈಗ ಮಳೆ ಹಿಡಿದಿದೆ. ಕೊಂಕಣದ ಗಾಡಿಗಳು ಎಲ್ಲೆಲ್ಲಿ ನಿಲ್ಲುತ್ತವೋ ಹೇಳಲಾಗುವುದಿಲ್ಲ ಎನ್ನುತ್ತಾರೆ.

ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಸ್ವಲ್ಪ ಪುನರ್ಪುಳಿ ಮುಂಬಯಿ ಬಸ್ಸಿನಲ್ಲಿ ಕಳಿಸಿದ್ದೇನೆ. ಹಪ್ಪಳ ಬಿಸಿಲಿಗೆ ಇಟ್ಟು ತೆಗೆದಿಡು. ಉಪ್ಪಿನಕಾಯಿಗೆ ಒದ್ದೆ ಚಮಚ ಹಾಕಬೇಡ, ನಿನಗೆ ಆ ಅಭ್ಯಾಸ ಉಂಟು.

ಉಡುಪಿಯಲ್ಲಿ ಬೇರೊಬ್ಬ ಜೋಯಿಸರನ್ನೂ ಕೇಳಿದೆ. ಅವರು ತುಂಬ ಹೊತ್ತು ನೋಡಿದರು. ಗುರುಬಲ ಬರಲಿ, ಆಮೇಲೆ ಹೇಳುತ್ತೇನೆ ಎಂದರು. ವಿಷ್ಣುಮೂರ್ತಿ ಜೋಯಿಸರ ಹತ್ತಿರ ಈಗ ಹೋಗುವುದಿಲ್ಲ. ದಾರಿಯಲ್ಲಿ ಎದುರು ಸಿಕ್ಕರು. ನಾನು ಮಾತಾಡಿಸಲಿಲ್ಲ.

ನೀನು ಆರೋಗ್ಯ ನೋಡಿಕೋ. ರಾತ್ರಿ ಪಾಳಿ ಒಪ್ಪಿಕೊಳ್ಳಬೇಡ.

ನಿನ್ನ
ದಮಯಂತಿ ಅಕ್ಕ

*

ಡೊಂಬಿವ್ಲಿ
2 ಜುಲೈ 2011

ಅಕ್ಕನಿಗೆ,

ಸಾಮಾನು ಮುಟ್ಟಿತು. ಹಪ್ಪಳ ಸುಟ್ಟು ಮುಂಡಪ್ಪಣ್ಣನಿಗೂ ಕೊಟ್ಟೆ.

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಅದರಲ್ಲಿ ನಿಮ್ಮ ತಮ್ಮನ ಹೆಸರಿಲ್ಲ. ಆ ಹೆಸರಿಲ್ಲದ ಕಾಗದವನ್ನು ನೀವು ನನಗೆ ಇದುವರೆಗೆ ಬರೆದದ್ದಿಲ್ಲ.

ನೀವು ಏಕೆ ಬರುತ್ತಿಲ್ಲವೆಂದು ನನಗೆ ಗೊತ್ತು. ಮಂಡಿ ನೋವಿಗಲ್ಲ, ಮಳೆಗಲ್ಲ. ನೀವು ಫೋನು ಮಾಡಿದ ಶನಿವಾರ ಇವರು ಕಲ್ಯಾಣದಲ್ಲಿಯೇ ಮಲಗಿದ್ದರು. ಇದು ನಿಮಗೂ ಗೊತ್ತು. ರಕ್ತ ಹೊಂದಿಕೆಯಾದರೆ ಅದೂ ಕಾಗದದ ಮೇಲೆ ಬರೆದ ಹಾಗಾಗುತ್ತದೆಂದು ನಿಮಗೆ ಹೆದರಿಕೆ.

ನಿಮ್ಮನ್ನು ತಪ್ಪಿತಸ್ಥೆ ಮಾಡಲು ನಾನು ಕರೆಯುತ್ತಿಲ್ಲ. ಇವರನ್ನು ಕರೆದುಕೊಂಡು ಬರಲು ನನ್ನಿಂದ ಆಗುವುದಿಲ್ಲ. ನಿಮ್ಮಿಂದ ಮಾತ್ರ ಆಗುತ್ತದೆ.

ಮೋಹಿನಿ

*

ಕಟಪಾಡಿ
9 ಅಕ್ಟೋಬರ್ 2011

ಪ್ರೀತಿಯ ಮೋಹಿನಿಗೆ,

ಕ್ಷೇಮವಾಗಿ ಬಂದು ಮುಟ್ಟಿದೆ. ರಕ್ತ ತೆಗೆಯಲು ಸೂಜಿ ಚುಚ್ಚಿದಲ್ಲಿ ನೀಲಿಯಾದದ್ದು ಇಳಿಯುತ್ತಾ ಬಂದಿದೆ. ಆ ನರ್ಸ್ ಹುಡುಗಿ ಪಾಪ, ನನ್ನ ನರ ಸಿಗದೆ ಬೆವರಿದಳು. ನೀನು ನನ್ನ ಇನ್ನೊಂದು ಕೈ ಹಿಡಿದು ಕುಳಿತಿದ್ದೆ. ಅಲ್ಲಿ ಏನಾದರೂ ಹೇಳಬೇಕೆಂದು ಇತ್ತು. ನನ್ನ ಮಾತು ನನಗೇ ಕೇಳಿಸದ ಮೇಲೆ ಎಷ್ಟು ಜೋರಾಗಿ ಹೇಳುತ್ತೇನೋ, ಎಲ್ಲರೂ ತಿರುಗಿ ನೋಡುತ್ತಾರೋ ಎಂದು ಸುಮ್ಮನಾದೆ.

ನಿನಗೆ ಹೇಳದೆ ಒಂದು ಕೆಲಸ ಮಾಡಿದ್ದೇನೆ. ಹೊರಡುವ ದಿನ ನೀನು ಕಂಪೆನಿಗೆ ಹೋದ ಮೇಲೆ ಮುಂಡಪ್ಪನನ್ನು ಕರೆದುಕೊಂಡು ಆ ಶವಾಗಾರಕ್ಕೆ ಹೋದೆ. ಅವನಿಗೆ ಮನಸ್ಸಿರಲಿಲ್ಲ. "ಅಲ್ಲಿ ಎಂತ ಉಂಟು ಟೀಚರೇ ನೋಡ್ಲಿಕ್ಕೆ, ಈಗ ಯಾರೂ ಇಲ್ಲ" ಎಂದ. ನಾನು ಕೇಳಲಿಲ್ಲ. ಹೊರಗೆ ಒಂದು ಬೆಂಚು, ಬಾದಾಮಿ ಮರ, ನಮ್ಮ ಶಾಲೆಯ ಬಾಗಿಲಿನಂಥ ಹಸಿರು ಬಾಗಿಲು. ಯಾರದೋ ಮನೆಯವರು ಕುಳಿತಿದ್ದರು. ಅವರ ಪಕ್ಕದಲ್ಲಿ ನಾನೂ ಕುಳಿತೆ. ಜನವರಿಯಲ್ಲಿ ಕೂರಬೇಕಾಗಿದ್ದ ಬೆಂಚು ಅದು.

ಅಲ್ಲಿ ಕೆಲಸ ಮಾಡುವವನು ಹೊರಗೆ ಬಂದಾಗ ಮುಂಡಪ್ಪನಿಂದ ಕೇಳಿಸಿದೆ, ಏಳು ದಿನ ಅಂದರೆ ಏಳೇ ದಿನವೋ, ಹೆಚ್ಚು ಇಡುವುದಿಲ್ಲವೋ ಎಂದು. ಅವನು ಹಿಂದಿಯಲ್ಲಿ ಏನೋ ಹೇಳಿದ. ಮುಂಡಪ್ಪ ನನ್ನ ಕಿವಿಗೆ ಅದನ್ನು ಹೇಳಲಿಲ್ಲ. "ಎಂತ ಹೇಳಿದ?" ಎಂದು ಕೇಳಿದೆ. "ಎಂತ ಇಲ್ಲ, ಹೋಗುವಾ" ಎಂದ. ಮಕ್ಕಳ ಮುಖ ನೋಡಿ ಸುಳ್ಳು ಹಿಡಿದವಳು ನಾನು, ಬಿಡಲಿಲ್ಲ. ಕೊನೆಗೆ ಕಿವಿಗೆ ಬಾಯಿಟ್ಟು ಹೇಳಿದ. "ಯಾರಾದ್ರೂ ಫೋನ್ ಮಾಡಿ, ನಮ್ಮವರೊಬ್ಬರು ಕಾಣೆ ಆಗಿದ್ದಾರೆ, ಬಂದು ನೋಡ್ತೇವೆ ಅಂತ ಹೇಳಿದ್ರೆ ಸಾಕಂತೆ, ಮತ್ತೂ ಇಡ್ತಾರಂತೆ. ದೂರದಿಂದ ಬರುವವರಿಗೆ ಹತ್ತು ಹನ್ನೆರಡು ದಿನ ಇಟ್ಟದ್ದೂ ಉಂಟಂತೆ."

ಒಂದು ಫೋನು ಸಾಕಾಗಿತ್ತು ಮೋಹಿನಿ. ಫೋನು ನಾನು ಮಾಡಿದ್ದೆ, ಬೇರೆ ಕಡೆಗೆ.

ಗಾಡಿಯಲ್ಲಿ ಇಡೀ ದಾರಿ ಇದನ್ನೇ ಯೋಚಿಸುತ್ತ ಬಂದೆ. ನಾನು ಅಪ್ಪನ ಹೆಣವನ್ನು ಮನೆಯಲ್ಲಿ ಒಂದು ದಿನ ಇಡಿಸಿದವಳು, ಶೇಖರ ಮುಂಬಯಿಯಿಂದ ಬರಲಿ ಎಂದು. ಊರಿನವರು ಗೊಣಗಿದರು, ಹೊತ್ತು ಮೀರುತ್ತದೆ ಎಂದರು. ಅವನು ಬಾರದೆ ಎತ್ತಲು ಬಿಡುವುದಿಲ್ಲ ಎಂದು ಬಾಗಿಲಿಗೆ ಅಡ್ಡ ಕುಳಿತಿದ್ದೆ. ಅವನು ಬಂದ. ಅವನ ಸರದಿಗೆ ನಾನು ಬೇರೆಯವರನ್ನು ಹೋಗದ ಹಾಗೆ ತಡೆದೆ. ಬದುಕಿದ್ದಾನೆ ಎಂದು ಕೇಳಬೇಕು ಎಂಬ ಆಸೆ. ಜೋಯಿಸರಿಗೆ ನನ್ನ ಮುಖ ನೋಡಿಯೇ ಗೊತ್ತಾಗಿರಬೇಕು.

ಫಲಿತಾಂಶ ಏನೇ ಬರಲಿ, ನನಗೆ ಕಾಗದ ಹಾಕು. ಜಯೇಶನಿಗೆ ಫೋನು ಮಾಡಿ ಹೇಳಿಸಬೇಡ. ಅವನು ಮೆಲ್ಲಗೆ ಹೇಳಲು ನೋಡುತ್ತಾನೆ, ನನಗೆ ಕೇಳಿಸುವುದಿಲ್ಲ, ಎರಡೆರಡು ಸಲ ಹೇಳಬೇಕಾಗುತ್ತದೆ.

ನಿನ್ನ
ದಮಯಂತಿ ಅಕ್ಕ

*

ಡೊಂಬಿವ್ಲಿ
12 ಫೆಬ್ರವರಿ 2012

ಅಕ್ಕನಿಗೆ ನಮಸ್ಕಾರಗಳು.

ಹೊಂದಿಕೆಯಾಗಿದೆ. ಅವರೇ.

ಹವಾಲ್ದಾರರು ತಾವಾಗಿಯೇ ಫೋನು ಮಾಡಿ ಕರೆದರು. ನಮ್ಮೆದುರಿಗೇ ಹೆಸರು ಬರೆದರು, ಶೇಖರ ಎಂಬುದನ್ನು ಹೇಗೆ ಬರೆಯುವುದೆಂದು ಎರಡು ಸಲ ಕೇಳಿಕೊಂಡು. ಸಂಖ್ಯೆಯಾಗಿದ್ದವರು ಮನುಷ್ಯರಾದರು. ನಾನು ಅಳಲಿಲ್ಲ, ಮುಂಡಪ್ಪಣ್ಣ ಅತ್ತರು. ಹೊರಗೆ ಬಂದು ಇಬ್ಬರೂ ಚಾ ಕುಡಿದೆವು. ಮನೆಗೆ ಬಂದು ಸ್ನಾನ ಮಾಡಿ ಕರಿಮಣಿ ತೆಗೆದೆ. ಸುಲಭಾತಾಯಿ ಬಂದು ಪಕ್ಕದಲ್ಲಿ ಕುಳಿತರು. ಏನು ಹೇಳಬೇಕೆಂದು ಅವರಿಗೆ ಈಗ ಗೊತ್ತಿತ್ತು.

ಬೊಜ್ಜಕ್ಕೆ ದಿನ ನೋಡಿಸಿ. ನಾನು ಬರುತ್ತೇನೆ.

ಮೋಹಿನಿ

*

ಡೊಂಬಿವ್ಲಿ
25 ಮಾರ್ಚ್ 2012

ಪ್ರೀತಿಯ ಅಕ್ಕನಿಗೆ,

ನಿನ್ನೆ ಬೆಳಿಗ್ಗೆ ಬಂದು ತಲುಪಿದೆ. ಕಟಪಾಡಿಯಲ್ಲಿ ನಿಮ್ಮ ಹತ್ತಿರ ಕುಳಿತು ಮಾತಾಡಲು ಆಗಲಿಲ್ಲ. ಬೊಜ್ಜದ ಮನೆ, ಬಂದವರಿಗೆ ಬಡಿಸುವುದು, ಎಲೆ ಎತ್ತುವುದು. ಹೊರಡುವಾಗ ನೀವು ನನ್ನ ಮುಖ ನೋಡಲಿಲ್ಲ, ಚೀಲಕ್ಕೆ ತೆಂಗಿನಕಾಯಿ ತುಂಬುತ್ತಲೇ ಇದ್ದಿರಿ.

ಮುಸ್ಸಂಜೆ ನೀವು ದೀಪ ಹಿಡಿದು ಅಂಗಳಕ್ಕೆ ಇಳಿದಾಗ ನಾನು ಬಾಗಿಲ ಒಳಗೆ ನಿಂತಿದ್ದೆ. ಒಳಗೆ ಹದಿನಾರು ಎಲೆ, ಪಕ್ಕದಲ್ಲಿ ಇವರ ಎಲೆ. ಹೊರಗೆ ನಿಂತು ಹೆಸರು ಹಿಡಿದು ಒಳಗೆ ಕರೆಯಬೇಕಾದವರು ನೀವು. "ಶೇಖರಾ, ಬಾ. ನಿನ್ನವರ ಜೊತೆ ಸೇರು" ಎಂದು ಮೂರು ಸಲ ಕರೆದಿರಿ. ಅಷ್ಟಕ್ಕೆ ಮುಗಿಯಬೇಕಾಗಿತ್ತು. ಎಲ್ಲರೂ ದಾರಿ ಬಿಟ್ಟು ನಿಂತಿದ್ದರು. ಆದರೆ ನೀವು ಒಳಗೆ ಬರದೆ ಕತ್ತಲಿನ ಕಡೆಗೆ ಇನ್ನೊಂದು ಮಾತು ಹೇಳಿದಿರಿ. "ಇಷ್ಟು ದಿನ ನಿನ್ನನ್ನು ಹೊರಗೆ ನಿಲ್ಲಿಸಿದ್ದು ನಾನು ಮಗಾ. ಒಳಗೆ ಬಾ." ಅದನ್ನು ಪಿಸುಗುಟ್ಟಿ ಹೇಳಿದೆನೆಂದು ನೀವು ತಿಳಿದಿರಬೇಕು. ಅಂಗಳದಲ್ಲಿದ್ದ ಎಲ್ಲರಿಗೂ ಕೇಳಿಸಿತು ಅಕ್ಕ. ಜಯೇಶ್ ತಲೆ ತಗ್ಗಿಸಿದ. ನನಗೂ ಕೇಳಿಸಿತು.

ಅದಕ್ಕೆ ಅಲ್ಲಿಯೇ ಉತ್ತರ ಹೇಳಿದ್ದರೆ ನಿಮಗೆ ಕೇಳಿಸುತ್ತಿರಲಿಲ್ಲ. ಬರೆಯುತ್ತೇನೆ.

ನನ್ನ ಸಿಟ್ಟು ಹೋಗಿಲ್ಲ. ಹೋಗಿದೆ ಎಂದು ಬರೆದರೆ ಅಕ್ಷರ ನೋಡಿಯೇ ಹಿಡಿಯುತ್ತೀರಿ. ನೀವು ಆ ದಿನ ಫೋನು ಮಾಡದಿದ್ದರೆ ಮುಂಡಪ್ಪಣ್ಣನ ಜೊತೆ ನಾನು ಹೋಗುತ್ತಿದ್ದೆ. ಇವರು ಸಿಗುತ್ತಿದ್ದರು. ಮೈಗೆ ನೀರು ಹಾಕುತ್ತಿದ್ದೆ, ಆ ಪಾದಗಳನ್ನು ಒಂದು ಸಲ ಮುಟ್ಟುತ್ತಿದ್ದೆ. ಗುರುತಿಲ್ಲದ ಒಬ್ಬ ಪುಣ್ಯಾತ್ಮರು ಬೆಂಕಿ ಕೊಡಬೇಕಾಗಿ ಬರುತ್ತಿರಲಿಲ್ಲ. ಅದು ಹೋಯಿತು, ಮತ್ತೆ ಬರುವುದಿಲ್ಲ. ಅದನ್ನು ನೆನೆದಾಗ ನನಗೆ ನಿಮ್ಮ ಮೇಲೆ ಸಿಟ್ಟು ಬರುತ್ತದೆ, ಮುಂದೆಯೂ ಬರಬಹುದು.

ಆದರೆ ಇದನ್ನೂ ಬರೆಯಬೇಕು. ಇವರು ಸತ್ತದ್ದು ಜನವರಿಯಲ್ಲಿ. ನನ್ನ ಪಾಲಿಗೆ ಮಾರ್ಚ್‌ವರೆಗೆ ಇದ್ದರು. ಆ ದಿನಗಳಲ್ಲಿ ನಾನು ಇವರ ಅಂಗಿಗಳಿಗೆ ಇಸ್ತ್ರಿ ಹಾಕಿದ್ದೇನೆ. ಇವರು ಬಂದ ಮೇಲೆ ಬೈಯಬೇಕಾದ ಬೈಗಳನ್ನೆಲ್ಲ ಪಾತ್ರೆ ತೊಳೆಯುತ್ತ ಜೋಡಿಸಿದ್ದೇನೆ, ಕೆಲವು ಬಹಳ ಚೆನ್ನಾಗಿದ್ದವು. ಟಿಟ್ವಾಳಾದ ಆ ಅಡಿಗೆಮನೆಯಲ್ಲಿ ಕಿಟಕಿಗೆ ಎದುರಾಗಿ ಒಲೆ ಇಡುವುದೋ, ಪಕ್ಕಕ್ಕೆ ಇಡುವುದೋ ಎಂದು ಇವರ ಜೊತೆ ವಾದ ಮಾಡಿದ್ದೇನೆ. ಆ ದಿನಗಳನ್ನು ಕೊಟ್ಟವರೂ ನೀವೇ. ಯಾವುದು ದೊಡ್ಡದು, ಯಾವುದು ಸಣ್ಣದು ಎಂದು ಹೇಳಲು ನನಗೆ ಬರುವುದಿಲ್ಲ. ಎರಡನ್ನೂ ಇಟ್ಟುಕೊಂಡಿದ್ದೇನೆ. ನೀವು ಒಂದನ್ನೇ ಹಿಡಿದುಕೊಂಡು ಕೂರಬೇಡಿ.

ದೀಪಾವಳಿಗೆ ಬರುತ್ತೇನೆ. ಎಲೆ ನಾನು ಹಾಕುತ್ತೇನೆ, ಅಡಿಗೆಯೂ ನನ್ನದೇ. ಇವರನ್ನು ಕರೆಯುವುದನ್ನು ಮಾತ್ರ ಜಯೇಶನಿಗೆ ಬಿಟ್ಟುಕೊಡಬೇಡಿ, ಮಂಡಿ ನೋಯುತ್ತಿದ್ದರೂ ನೀವೇ ಇಳಿದು ಹೋಗಿ ಕರೆಯಿರಿ. ನಿಮ್ಮ ಮಾತನ್ನು ನಾನು ಮೀರಿದ್ದೇನೆ. ಇವರು ಒಂದು ಸಲವೂ ಮೀರಿದವರಲ್ಲ.

ನಿಮ್ಮ
ಮೋಹಿನಿ